ಮೂರು ದಾರಿ, ನಾಲ್ಕು ಪ್ರಶ್ನೆ: ಗಡಿ ದಾಟುವುದನ್ನು ಇತಿಹಾಸ ಪಾಠ ಮಾಡಿದ ಅನುಭವ

ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ವರ್ಷ 9 ಮತ್ತು 10ನೇ ತರಗತಿಗೆ ಇತಿಹಾಸವನ್ನು ‘ಗಡಿ ದಾಟುವುದು’ ಎಂಬ ಒಂದೇ ಎಳೆ ಹಿಡಿದು ಕಲಿಸಿದೆವು. ಜೂನ್‌ನಲ್ಲಿ ಹಿಡಿದ ಕೆಲಸ ಡಿಸೆಂಬರ್‌ನ ಬೀದರ್ ಪ್ರವಾಸದೊಂದಿಗೆ ಮುಗಿಯಿತು. ಇದನ್ನೇ ತಮ್ಮ ಶಾಲೆಯಲ್ಲಿ ಮಾಡಬೇಕೆಂದಿರುವ ಕಲಬುರಗಿ, ಬೀದರ್, ಯಾದಗಿರಿ ಶಿಕ್ಷಕರಿಗೆ ಅನುಕೂಲವಾಗಲೆಂದು ನಡೆದ ಕ್ರಮದಲ್ಲೇ ಬರೆದಿದ್ದೇವೆ. ಯಾವ ಕಾಗದ ಬೇಕು, ಎಲ್ಲಿ ಕಾಯಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ, ಎಲ್ಲವೂ ಇದರಲ್ಲಿದೆ.

ಈ ಎಳೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ವಿಜಯನಗರ–ಬಹಮನಿ ಪಾಠ 9ರಲ್ಲಿದೆ, ಹೈದರಾಬಾದ್ ವಿಲೀನ 10ರಲ್ಲಿದೆ. ನಡುವಿನ ನಾನೂರೈವತ್ತು ವರ್ಷ ನಮ್ಮ ಮಕ್ಕಳ ಊರು ಎಲ್ಲಿತ್ತು, ಯಾರ ಕೈಕೆಳಗಿತ್ತು ಎಂಬುದು ಅವರಿಗೆ ಕಾಣುವುದೇ ಇಲ್ಲ. ಗಡಿ ಹಿಡಿದು ಹೊರಟರೆ ಈ ಎರಡೂ ಪಾಠ ಒಂದೇ ರಸ್ತೆಯ ಮೇಲೆ ಬರುತ್ತವೆ.

ದಾರಿ ಆರಿಸುವುದು

ಇಡೀ ನಕ್ಷೆ ತೋರಿಸಿ ‘ಇದು ಗಡಿ’ ಎಂದರೆ ಮಕ್ಕಳಿಗೆ ಏನೂ ಹತ್ತುವುದಿಲ್ಲ. ಅವರು ಓಡಾಡಿದ, ಬಸ್ಸಿನ ಬೋರ್ಡಿನಲ್ಲಿ ಹೆಸರು ಓದಿದ ದಾರಿಗಳನ್ನೇ ಹಿಡಿಯಬೇಕು. ನಾವು ಮೂರು ದಾರಿ ಇಟ್ಟುಕೊಂಡೆವು.

ಮೊದಲನೆಯದು ಕಲಬುರಗಿ–ಸೊಲ್ಲಾಪುರ ರೈಲು ದಾರಿ. 1947ಕ್ಕೆ ಮುಂಚೆ ಕಲಬುರಗಿ ನಿಜಾಮರ ರಾಜ್ಯ, ಸೊಲ್ಲಾಪುರ ಬ್ರಿಟಿಷರ ಮುಂಬೈ ಪ್ರಾಂತ್ಯ, ನಡುವಿನ ಅಕ್ಕಲಕೋಟೆ ಮೂರನೆಯದೇ ಒಂದು ಸಂಸ್ಥಾನ. ಅರ್ಧ ದಿನದೊಳಗಿನ ಪ್ರಯಾಣದಲ್ಲಿ ಮೂರು ಆಡಳಿತ. ಎರಡನೆಯದು ಬೀದರ್–ಉದಗೀರ್. 1956ರ ತನಕ ಉದಗೀರ್ ಬೀದರ್ ಜಿಲ್ಲೆಯದೇ ತಾಲ್ಲೂಕು, ನಡುವೆ ಗಡಿಯೇ ಇರಲಿಲ್ಲ. ಮೂರನೆಯದು ಅಫಜಲಪುರದಿಂದ ಭೀಮಾ ನದಿ ದಾಟಿ ವಿಜಯಪುರ ಜಿಲ್ಲೆಗೆ ಹೋಗುವ ದಾರಿ. ಈಗ ಎರಡೂ ದಡ ಕರ್ನಾಟಕ. ಆಗ ಈ ದಡ ನಿಜಾಮರದು, ಆ ದಡ ಮುಂಬೈ ಪ್ರಾಂತ್ಯದ್ದು.

ಪಾಠದ ಜೀವ ಇರುವುದು ಈ ಮೂರನ್ನು ಒಟ್ಟಿಗೆ ಇಟ್ಟಾಗ. 1956ರ ನವೆಂಬರ್ 1ರಂದು ಭೀಮಾ ಮೇಲಿನ ರಾಜ್ಯದ ಗಡಿ ಅಳಿಯಿತು, ಅದೇ ದಿನ ಉದಗೀರ್ ದಾರಿಯಲ್ಲಿ ಹೊಸ ಗಡಿ ಹುಟ್ಟಿತು. ಉದಗೀರ್, ನಿಲಂಗಾ, ಅಹ್ಮದ್‌ಪುರ ಮುಂಬೈ ರಾಜ್ಯಕ್ಕೆ ಹೋದವು. ಕಲಬುರಗಿ ಜಿಲ್ಲೆಯಲ್ಲಿದ್ದ ಕೊಡಂಗಲ್, ತಾಂಡೂರು ಆಂಧ್ರಕ್ಕೆ ಸೇರಿದವು. ರಾಜ್ಯೋತ್ಸವದ ದಿನ ಶಾಲೆಯಲ್ಲಿ ಧ್ವಜ ಹಾರಿಸುವ ಮಕ್ಕಳಿಗೆ ಅದೇ ದಿನ ತಮ್ಮ ಜಿಲ್ಲೆಯ ತಾಲ್ಲೂಕುಗಳು ಬೇರೆ ರಾಜ್ಯಕ್ಕೆ ಹೋದವು ಎಂಬುದು ಹೊಸ ಸುದ್ದಿ. ಅಲ್ಲಿಂದಲೇ ಪ್ರಶ್ನೆಗಳು ಶುರುವಾಗುತ್ತವೆ.

ಪ್ರತಿ ದಾರಿಗೂ, ಪ್ರತಿ ಕಾಲಕ್ಕೂ ಕೇಳುವ ಪ್ರಶ್ನೆ ನಾಲ್ಕೇ: ದಾಟುವವರಿಂದ ಏನು ಕೇಳುತ್ತಿದ್ದರು? ಯಾರನ್ನು ತಡೆಯುತ್ತಿದ್ದರು? ಯಾರು ಸಲೀಸಾಗಿ ಹೋಗುತ್ತಿದ್ದರು? ಇದಕ್ಕೆ ಏನು ಪುರಾವೆ ಉಳಿದಿದೆ? ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಕೊನೆಯ ಪಿರಿಯಡ್‌ವರೆಗೂ ತೆಗೆಯಬೇಡಿ.

ನಕ್ಷೆ

ಅತಿ ಹೆಚ್ಚು ಹೊತ್ತು ತಿಂದದ್ದು ನಕ್ಷೆ. 1909ರ ಇಂಪೀರಿಯಲ್ ಗೆಜೆಟಿಯರ್‌ನ ಹೈದರಾಬಾದ್ ಸಂಸ್ಥಾನದ ನಕ್ಷೆ ಅಂತರ್ಜಾಲದಲ್ಲಿ ಸಿಗುತ್ತದೆ. ಇಂದಿನ ಗಡಿಗೆ ಸರ್ವೆ ಆಫ್ ಇಂಡಿಯಾದ ನಕ್ಷೆಯನ್ನೇ ಬಳಸಿ, ಬೇರೆ ಕಡೆಯಿಂದ ಇಳಿಸಿಕೊಂಡ ನಕ್ಷೆಯಲ್ಲಿ ದೇಶದ ಗಡಿಯೇ ತಪ್ಪಿರುವುದುಂಟು. ಎರಡನ್ನೂ ಒಂದರ ಮೇಲೊಂದು ಇಡಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬೇಕು. ಸ್ಟೇಷನರಿ ಅಂಗಡಿಯಲ್ಲಿ ‘ಓಎಚ್‌ಪಿ ಶೀಟ್’ ಎಂದರೆ ಕೊಡುತ್ತಾರೆ. ಅದರ ಮೇಲೆ ಬರೆಯಲು ಸಿ.ಡಿ. ಮಾರ್ಕರ್, ಅಳಿಸಲು ಸ್ವಲ್ಪ ಸ್ಪಿರಿಟ್.

ಹೆಚ್ಚಾಗಿ ಕೆಡುವುದು ಇಲ್ಲಿ: ಜೆರಾಕ್ಸ್ ಅಂಗಡಿಯವರು ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಇರುತ್ತದೆ. ಹಾಗಾಗಿ ಒಂದು ನಕ್ಷೆ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ, ಮೇಲೆ ಇಟ್ಟರೆ ಬೀದರ್ ಹೋಗಿ ಭಾಲ್ಕಿಯ ಮೇಲೆ ಕೂರುತ್ತದೆ. ಮೊದಲೇ ಎರಡೂ ಚಿತ್ರಗಳಲ್ಲಿ ಸೊಲ್ಲಾಪುರ–ವಾಡಿ ಅಂತರವನ್ನು ಒಂದೇ ಅಳತೆಗೆ ತಂದುಕೊಂಡು, ನಂತರ 100 ಪ್ರತಿಶತ ಎಂದು ಹೇಳಿ ಪ್ರಿಂಟ್ ತೆಗೆಸಿ. ಸರಿಹೊಂದಿಸಲು ಊರುಗಳಿಗಿಂತ ರೈಲು ಜಂಕ್ಷನ್ ಮತ್ತು ನದಿ ಸಂಗಮ ಒಳ್ಳೆಯ ಗುರುತು, ಅವು ಅಲುಗಿಲ್ಲ. ವಾಡಿ ಜಂಕ್ಷನ್ ಮುಖ್ಯ ಗುರುತು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದ್‌ನಿಂದ ಬಂದು ಮುಂಬೈ–ಮದ್ರಾಸ್ ಹಳಿಗೆ ಸೇರಿದ್ದು ಅಲ್ಲೇ.

ಹಳೆ ನಕ್ಷೆಯಲ್ಲಿ ಯಾದಗಿರಿ ಜಿಲ್ಲೆ ಹುಡುಕಬೇಡಿ. ಅದು 2009ರ ಕೊನೆಗೆ ಬೇರೆಯಾದದ್ದು. ಮಕ್ಕಳು ಇದನ್ನು ಖಂಡಿತ ಕೇಳುತ್ತಾರೆ, ಕೇಳಲಿ.

ಹಳೆ ಕಾಗದ ತರಿಸುವುದು

ಮನೆಯಲ್ಲಿರುವ ನಿಜಾಮರ ಕಾಲದ ನಾಣ್ಯ, ಛಾಪಾ ಕಾಗದ, ಪತ್ರ ತರಲು ಹೇಳಿದರೆ ಒಂದು ವಾರ ಏನೂ ಬರುವುದಿಲ್ಲ. ಆಮೇಲೆ ಪಾಲಕರೇ ಬರುತ್ತಾರೆ, ಕೇಳಲಿಕ್ಕೆ. ಶಾಲೆಯವರಿಗೆ ನಮ್ಮ ಹೊಲದ ಕಾಗದ ಯಾಕೆ? ಆಸ್ತಿ ಪಾಲಿನ ತಕರಾರು ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಅವರ ಸಂಶಯ ನ್ಯಾಯವಾದದ್ದೇ. ಆದ್ದರಿಂದ ಮೊದಲೇ ಚೀಟಿ ಕಳಿಸಬೇಕು: ಮೂಲ ಕಾಗದ ಬೇಡ, ಫೋಟೋ ಸಾಕು, ಸರ್ವೆ ನಂಬರ್ ಮತ್ತು ಹೆಸರಿನ ಮೇಲೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಕಾಗದದ ಮೇಲಿನ ಮುದ್ರೆ, ತಾರೀಖು, ಭಾಷೆ ಕಂಡರೆ ಸಾಕು. ಈ ಚೀಟಿ ಹೋದ ಮೇಲೆ ಫೋಟೋಗಳು ಬರತೊಡಗಿದವು.

ಬಂದದ್ದನ್ನು ಓದುವುದು ಇನ್ನೊಂದು ತೊಡಕು. ನಿಜಾಮರ ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಅಚ್ಚಾದ ಫಾರಂ ಇದ್ದರೆ ಉರ್ದು ಶಾಲೆಯ ಶಿಕ್ಷಕರು ಕೂಡಲೇ ಓದಿಕೊಡುತ್ತಾರೆ. ಕೈಬರಹ ಶಿಕಸ್ತಾ ಎಂಬ ಅವಸರದ ಕೂಡುಬರಹದಲ್ಲಿದ್ದರೆ ಅವರಿಗೂ ಕಷ್ಟ. ಬೀದರ್ ಕಡೆ ಮೋಡಿ ಲಿಪಿಯ ಮರಾಠಿ ಕಾಗದವೂ ಸಿಗುತ್ತದೆ. ತರಗತಿಗೆ ಅಚ್ಚಾದ ಫಾರಂ ಮಾತ್ರ ಇಟ್ಟುಕೊಳ್ಳುವುದು ಜಾಣತನ. ಹೆಚ್ಚಿನದು ಬೇಕಾದವರಿಗೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರ ಇದೆ, ಆದರೆ ಒಂದು ಶಾಲೆಯ ಪಾಠಕ್ಕೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ತಾರೀಖು ಫಸಲಿಯಲ್ಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷದಲ್ಲಿರುತ್ತದೆ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಆರಂಭದಲ್ಲಿ ಶುರುವಾಗುತ್ತಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗಿನ ತಾರೀಖಾದರೆ 590, ಜನವರಿಯಿಂದ ಸೆಪ್ಟೆಂಬರ್ ಆದರೆ 591 ಕೂಡಿಸಿ. 1357 ಫಸಲಿ ಎಂದರೆ 1947ರ ಅಕ್ಟೋಬರ್‌ನಿಂದ 1948ರ ಸೆಪ್ಟೆಂಬರ್ ಕೊನೆಯವರೆಗೆ, ಅಂದರೆ ಸಂಸ್ಥಾನ ಭಾರತಕ್ಕೆ ಸೇರಿದ ವರ್ಷ. ಈ ಲೆಕ್ಕ ತಿಳಿದ ಮೇಲೆ ಮಕ್ಕಳು ಮನೆಯ ಪೆಟ್ಟಿಗೆಯೊಳಗಿನ ಕಾಗದಗಳನ್ನು ತಾವೇ ಓದಿ ವರ್ಷ ಹೇಳುತ್ತಾರೆ.

ಹಾಲಿ ಸಿಕ್ಕಾ

ಎಲ್ಲಕ್ಕಿಂತ ಚೆನ್ನಾಗಿ ನಡೆದ ಪಿರಿಯಡ್ ನಾಣ್ಯದ್ದು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ನಮ್ಮ ಹಿರಿಯರು ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್. ಒಂದು ರೂಪಾಯಿಗೆ ಹದಿನಾರು ಆಣೆ, ಒಂದು ಆಣೆಗೆ ಹನ್ನೆರಡು ಪೈ. ಇಷ್ಟು ಹೇಳಿ ಲೆಕ್ಕ ಕೊಡಿ: ಒಬ್ಬ ನೇಕಾರ ಸೊಲ್ಲಾಪುರದಲ್ಲಿ 30 ಕಲ್ದಾರಿಗೆ ಸೀರೆ ಮಾರಿ ಕಲಬುರಗಿಗೆ ಬಂದರೆ ಕೈಯಲ್ಲಿ ಎಷ್ಟು ಹಾಲಿ? 35. ನೂರು ಕಲ್ದಾರಿಗೆ ಎಷ್ಟು? 116 ರೂಪಾಯಿ 10 ಆಣೆ 8 ಪೈ. ಇದಕ್ಕೆ ಗಣಿತ ಶಿಕ್ಷಕರನ್ನೂ ಕರೆಯಿರಿ, ಅವರ ಅನುಪಾತ ಪಾಠಕ್ಕೂ ಇದು ಆಗುತ್ತದೆ. ಲೆಕ್ಕ ಮುಗಿದ ಮೇಲೆ ಕೇಳಬೇಕಾದ್ದು: ಗಡಿಯಲ್ಲಿ ಈ ವಿನಿಮಯ ಮಾಡಿಕೊಡುತ್ತಿದ್ದವರು ಯಾರು, ಅವರಿಗೆ ಏನು ಉಳಿಯುತ್ತಿತ್ತು? ತಲೆಗಳು ಓಡತೊಡಗುತ್ತವೆ.

ನಾಣ್ಯವನ್ನು ಕೈಗೆ ಕೊಟ್ಟು ನೋಡಿಸಬೇಕು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದ ರೂಪಾಯಿಯ ಮೇಲೆ ಚಾರ್‌ಮಿನಾರ್ ಇದೆ. ಅದರ ಬಾಗಿಲಿನ ಕಮಾನಿನೊಳಗೆ ಸಣ್ಣದೊಂದು ಅಕ್ಷರ, ಉರ್ದುವಿನ ‘ಐನ್’, ಉಸ್ಮಾನ್ ಹೆಸರಿನ ಮೊದಲಕ್ಷರ. ಭೂತಕನ್ನಡಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಬೆಳ್ಳಿಯ ರೂಪಾಯಿ ತುಟ್ಟಿ, ತಾಮ್ರದ ಪೈಗಳು ಹಳೆ ನಾಣ್ಯದ ವ್ಯಾಪಾರಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ತೊಳೆಯಲು ಮಕ್ಕಳು ಹಟ ಮಾಡುತ್ತಾರೆ. ಬಿಡಬೇಡಿ, ಹುಳಿ ತಾಗಿದರೆ ಅಕ್ಷರ ಸವೆಯುತ್ತದೆ. ತೆಳು ಕಾಗದ ಇಟ್ಟು ಮೆತ್ತಗಿನ ಪೆನ್ಸಿಲ್ ಉಜ್ಜಿದರೆ ಅಚ್ಚು ತಾನೇ ಮೂಡುತ್ತದೆ. ಪ್ರತಿ ಮಗುವಿಗೂ ಒಂದು ಪ್ರತಿ ಸಿಗುತ್ತದೆ, ನಾಣ್ಯವೂ ಉಳಿಯುತ್ತದೆ.

ಹಣದ ಜೊತೆಗೇ ಸುಂಕ. ಸಂಸ್ಥಾನದ ಸುಂಕದ ಇಲಾಖೆಗೆ ಕರೋಡ್‌ಗಿರಿ ಎಂದು ಹೆಸರು. ಒಳಗೆ ಬರುವ, ಹೊರಗೆ ಹೋಗುವ ಸರಕಿಗೆ ನಾಕಾದಲ್ಲಿ ಸುಂಕ. ಮನೆಯ ಹಿರಿಯರನ್ನು ಕೇಳಿ ಬರಲು ಮಕ್ಕಳಿಗೆ ಹೇಳಿದೆವು: “ಮುತ್ಯಾ, ನೀವು ಸಣ್ಣವರಿದ್ದಾಗ ಸೊಲ್ಲಾಪುರಕ್ಕ ಹೋಗಿದ್ರೇನ್ರಿ? ನಾಕಾದಾಗ ಏನ್ ಕೇಳ್ತಿದ್ರು?” ಒಬ್ಬ ಹುಡುಗಿ ಬರೆದು ತಂದ ಉತ್ತರ: “ಅರಿವಿ ಗಂಟು ಬಿಚ್ಚಿಸಿ ನೋಡ್ತಿದ್ರವ್ವಾ. ಉಟ್ಟ ಸೀರಿಗಿ ಏನೂ ಇಲ್ಲ, ಮಡಚಿದ ಸೀರಿಗಿ ರೊಕ್ಕ. ಅದಕ್ಕ ನಮ್ಮವ್ವ ಎರಡು ಸೀರಿ ಉಟ್ಕೊಂಡೇ ಬರ್ತಿದ್ಳಂತ.” ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಇದೊಂದರಲ್ಲೇ ಉತ್ತರವಿದೆ.

ಈ ಸಂದರ್ಶನಕ್ಕೆ ಒಂದು ಎಚ್ಚರಿಕೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ 85 ದಾಟಿದೆ. ನೇರವಾಗಿ ಕಂಡವರು ಅಪರೂಪ. ಉತ್ತರದ ಹಾಳೆಯಲ್ಲಿ ‘ಕಂಡದ್ದು’, ‘ಕೇಳಿದ್ದು’ ಎಂದು ಎರಡು ಕಾಲಂ ಮಾಡಿಸಿ. ಮೇಲಿನ ಉತ್ತರದ ಕೊನೆಯ ‘ಅಂತ’ ನೋಡಿ, ಸೀರೆಯ ಮಾತು ಎರಡನೇ ಕಾಲಂಗೆ ಹೋಗುತ್ತದೆ. ಇತಿಹಾಸದ ಆಧಾರ ಎಂದರೇನು ಎಂಬ ಪಾಠ ಅಲ್ಲೇ ಆಗಿಹೋಯಿತು.

1948ರ ಪಿರಿಯಡ್

ಇದೇ ಕಠಿಣ. ಕಲಬುರಗಿಯಲ್ಲಿ ಸೆಪ್ಟೆಂಬರ್ 17ರ ಕಾರ್ಯಕ್ರಮ ಮಕ್ಕಳಿಗೆ ಗೊತ್ತು. ಅದರ ಹಿಂದಿನ ಕಥೆ ಮೊಬೈಲ್‌ನಲ್ಲಿ ಬರುವ ಚೂರುಗಳಲ್ಲಿ ಗೊತ್ತು. ಪಾಠ ಆ ತಾರೀಖಿಗೆ ಮುಂಚೆಯೇ ಆಗಬೇಕು, ಮತ್ತು ಒಂದು ಪಿರಿಯಡ್ ಸಾಲದು, ಬೆನ್ನಿಗೆ ಬೆನ್ನು ಎರಡು ಬೇಕು. ಅರ್ಧ ಹೇಳಿ ಗಂಟೆ ಹೊಡೆದರೆ ಆ ಅರ್ಧವೇ ಮನೆಗೆ ಹೋಗುತ್ತದೆ.

ಮೊದಲನೆಯದರಲ್ಲಿ ಘಟನಾಕ್ರಮ: 1947ರ ಆಗಸ್ಟ್ 15ರಂದು ಹೈದರಾಬಾದ್ ಯಾವ ಕಡೆಗೂ ಸೇರಲಿಲ್ಲ. ನವೆಂಬರ್ 29ರಂದು ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ. ನಿಜಾಮರ ಪರ ನಿಂತ ಕಾಸಿಂ ರಜ್ವಿಯ ಸಶಸ್ತ್ರ ಪಡೆ, ರಜಾಕಾರರ ಹಾವಳಿ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಹತ್ಯಾಕಾಂಡ. ಊರು ಬಿಟ್ಟು ಗಡಿಯಾಚೆ ಸೊಲ್ಲಾಪುರ, ಬಾರ್ಶಿ, ವಿಜಯಪುರ, ಗದಗ ಕಡೆಗೆ ಹೋದ ಕುಟುಂಬಗಳು. ಗಡಿಯಂಚಿನಲ್ಲಿ, ಮುಂಡರಗಿಯಂಥ ಊರುಗಳಲ್ಲಿ, ಹೋರಾಟಗಾರರ ಶಿಬಿರಗಳು. ಸೆಪ್ಟೆಂಬರ್ 13ಕ್ಕೆ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು.

ಎರಡನೆಯದರಲ್ಲಿ ಅದರ ನಂತರದ ವಾರಗಳು. ಸೇನಾ ಕಾರ್ಯಾಚರಣೆಯ ಬೆನ್ನಲ್ಲೇ ಮುಸ್ಲಿಮರ ಮೇಲೆ ದೊಡ್ಡ ಪ್ರಮಾಣದ ಹಿಂಸಾಚಾರ ನಡೆಯಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡ ಕನಿಷ್ಠ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಅತಿ ಹೆಚ್ಚು ಹಾನಿಯಾಯಿತೆಂದು ಹೇಳಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಇದನ್ನು ಬಿಟ್ಟು ಪಾಠ ಮಾಡಬಾರದು, ಗೋರಟಾವನ್ನು ಬಿಟ್ಟೂ ಮಾಡಬಾರದು. ತರಗತಿಯಲ್ಲಿ ಎರಡೂ ಕಡೆಯ ಮನೆಗಳ ಮಕ್ಕಳು ಕೂತಿರುತ್ತಾರೆ. ಒಂದನ್ನೇ ಹೇಳಿದರೆ ಇನ್ನೊಂದು ಮನೆಯ ನೋವಿಗೆ ಶಾಲೆಯಲ್ಲಿ ಜಾಗವಿಲ್ಲ ಎಂದು ಹೇಳಿದ ಹಾಗೆ.

ಕೆಲವು ನಿಯಮ ಇಟ್ಟುಕೊಂಡಿದ್ದೆವು, ಅವು ಕೆಲಸಕ್ಕೆ ಬಂದವು. ಈ ವಿಷಯದ ಮೇಲೆ ಮನೆಯಲ್ಲಿ ಸಂದರ್ಶನ ಮಾಡಿಸಲಿಲ್ಲ. ನಮ್ಮೂರಿನ ಯಾವ ಮನೆತನದ ಹೆಸರನ್ನೂ ತರಗತಿಯಲ್ಲಿ ಎತ್ತಲು ಬಿಡಲಿಲ್ಲ. ‘ನಾವು–ಅವರು’ ಎಂದು ಮಾತಾಡಿದ ಕಡೆ ತಡೆದು, ‘ರಜಾಕಾರರು’, ‘ಗುಂಪು’, ‘ಸೇನೆ’, ‘ಊರು ಬಿಟ್ಟವರು’ ಎಂದು ನಿಖರವಾಗಿ ಹೇಳಿಸಿದೆವು. ಆಶ್ರಯ ಕೊಟ್ಟವರ ಬಗ್ಗೆ ಮಕ್ಕಳು ತಾವಾಗಿ ಹೇಳಿದರೆ ಕೇಳಿಸಿಕೊಂಡೆವು. ಪಿರಿಯಡ್ ಮುಗಿದ ಮೇಲೆ ಸುಮ್ಮನಾದ ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ. ಮುಖ್ಯ ಗುರುಗಳಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ (ಎಸ್‌ಡಿಎಂಸಿ) ಪಾಠದ ಟಿಪ್ಪಣಿಯನ್ನು ಮುಂಚಿತವಾಗಿ ಓದಲು ಕೊಟ್ಟಿರಿ. ಆಮೇಲೆ ಯಾರಾದರೂ ವಿಚಾರಿಸಿಕೊಂಡು ಬಂದರೆ ಉತ್ತರ ಕೊಡುವುದು ಸುಲಭ.

ಬೀದರ್ ಪ್ರವಾಸ

ಪರವಾನಗಿಗೆ ಬಹಳ ಮುಂಚೆ ಅರ್ಜಿ ಹಾಕಿ. ಜೊತೆಗೆ ಎಸ್‌ಡಿಎಂಸಿ ಠರಾವಿನ ಪ್ರತಿ, ಪಾಲಕರ ಒಪ್ಪಿಗೆ ಪತ್ರ, ಮಕ್ಕಳ ಮತ್ತು ಶಿಕ್ಷಕರ ಪಟ್ಟಿ (ಶಿಕ್ಷಕಿಯರು ಇರಲೇಬೇಕು), ಹೋಗುವ ದಾರಿ ಮತ್ತು ಸಮಯ, ವಾಹನದ ವಿವರ. ವಾಹನದ ವಿವರ ಇಲ್ಲದೆ ಅರ್ಜಿ ವಾಪಸ್ ಬರುತ್ತದೆ. ಪರವಾನಗಿ ಇಲ್ಲದೆ ವಾಹನ ಗೊತ್ತು ಮಾಡಲು ಮನಸ್ಸು ಬರುವುದಿಲ್ಲ. ತಿರುಗಾಟದಲ್ಲೇ ವಾರಗಳು ಹೋಗುತ್ತವೆ. ಸಾರಿಗೆ ಸಂಸ್ಥೆಯ ಡಿಪೋದಿಂದ ಒಪ್ಪಂದದ ಬಸ್ಸಿನ ದರಪಟ್ಟಿ ಬರೆಸಿಕೊಂಡು ಅದನ್ನೇ ಲಗತ್ತಿಸಿದರೆ ಈ ಗಂಟು ಬಿಡುತ್ತದೆ. 2017ರಿಂದ ಕಲಬುರಗಿ–ಬೀದರ್ ರೈಲು ಇದೆ, ಬಸ್ಸಿಗಿಂತ ಬಹಳ ಅಗ್ಗ, ಆದರೆ ರೈಲಿನ ವೇಳೆಗೆ ನಿಮ್ಮ ದಿನವನ್ನು ಹೊಂದಿಸಿಕೊಳ್ಳಬೇಕು.

ಉದಗೀರ್‌ವರೆಗೆ ಹೋಗುವ ಆಸೆ ಸಹಜ. ಬಾಡಿಗೆ ವಾಹನ ರಾಜ್ಯ ದಾಟಬೇಕೆಂದರೆ ಬೇರೆ ಪರ್ಮಿಟ್, ಇಲಾಖೆಯಲ್ಲೂ ಹೆಚ್ಚಿನ ವಿಚಾರಣೆ. ಕಮಲನಗರದಲ್ಲಿ ನಿಂತರೆ ಸಾಕು. ಅಲ್ಲಿಂದ ಮುಂದೆ ಮಹಾರಾಷ್ಟ್ರ. ಪಾರದರ್ಶಕ ಹಾಳೆಗಳನ್ನು ಅಲ್ಲೇ ಬಿಡಿಸಿ ಇಟ್ಟಾಗ, 1956ರ ಗೆರೆ ತಾವು ನಿಂತ ರಸ್ತೆಯನ್ನು ಕೊಯ್ದದ್ದನ್ನು ಮಕ್ಕಳು ಬೆರಳಿಟ್ಟು ತೋರಿಸುತ್ತಾರೆ. ರಸ್ತೆ ಬದಿಯ ಫಲಕಗಳ ಭಾಷೆಗಳನ್ನು ಬರೆದುಕೊಳ್ಳಲು ಹೇಳಿ.

ಬೀದರ್‌ನಲ್ಲಿ ಮಹಮೂದ್ ಗಾವಾನ್ ಮದರಸಾಕ್ಕೆ ಬೆಳಿಗ್ಗೆಯೇ ಹೋಗಬೇಕು. ಕಟ್ಟಡದ ಮುಖ ಪೂರ್ವಕ್ಕಿದೆ, ಮಧ್ಯಾಹ್ನಕ್ಕೆ ಬಿಸಿಲು ಹಿಂದೆ ಸರಿದು ಬಣ್ಣ ಕಾಣುವುದಿಲ್ಲ. ಗಾವಾನ್ ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು, 1472ರಲ್ಲಿ ಇದನ್ನು ಕಟ್ಟಿಸಿದ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಸಿಡಿಮದ್ದು ಸ್ಫೋಟಿಸಿ ಮುಂಭಾಗ ಹಾಳಾಯಿತು, ಎರಡರಲ್ಲಿ ಒಂದೇ ಮಿನಾರ್ ಉಳಿಯಿತು. ಆ ಮಿನಾರಿನ ಮೈಮೇಲೆ ಅಂಕುಡೊಂಕಾದ ಪಟ್ಟಿಗಳಲ್ಲಿ ನೀಲಿ, ಹಸಿರು ಹೆಂಚಿನ ತುಂಡುಗಳು ಇನ್ನೂ ಅಂಟಿಕೊಂಡಿವೆ. ಉದುರಿದ ಜಾಗದಲ್ಲಿ ಬರೀ ಗಾರೆ, ಕಲ್ಲು. ಮಕ್ಕಳನ್ನು ಹತ್ತಿರ ನಿಲ್ಲಿಸಿ ಕೇಳಿ: ಇದರಲ್ಲಿ ಬೀದರ್‌ನದು ಯಾವುದು, ಹೊರಗಿನಿಂದ ಬಂದದ್ದು ಯಾವುದು? ಕಲ್ಲು ಇಲ್ಲಿನದು, ಹೆಂಚಿನ ಕಲೆ ಇರಾನ್ ಕಡೆಯದು. ಮುಟ್ಟಲು ಬಿಡಬೇಡಿ.

ಗಾವಾನನ ಕಾಲದಲ್ಲೇ ಗಡಿ ದಾಟಿ ಬಂದ ಇನ್ನೊಬ್ಬ ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ಮಾರಲೆಂದು ಒಂದು ಕುದುರೆ ತಂದ. ದಖ್ಖನ್ನಿನಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ, ಸಮುದ್ರದಾಚೆಯಿಂದಲೇ ಬರಬೇಕಿತ್ತು. ಜುನ್ನಾರ್‌ನಲ್ಲಿ ಅಲ್ಲಿಯ ಅಧಿಕಾರಿ ಕುದುರೆ ಕಿತ್ತುಕೊಂಡು, ಮತಾಂತರವಾದರೆ ಕೊಡುತ್ತೇನೆ ಎಂದ. ಒಬ್ಬ ಖುರಾಸಾನಿ ಮುಸ್ಲಿಂ ಅಧಿಕಾರಿ ನಡುವೆ ಬಂದು ಕುದುರೆ ಬಿಡಿಸಿಕೊಟ್ಟ. ಅಲ್ಲಿಂದ ನಿಕಿತಿನ್ ಬೀದರ್‌ಗೆ ಬಂದ. ನಮ್ಮ ಆಳಂದದ ಜಾತ್ರೆಯ ಕುದುರೆ ವ್ಯಾಪಾರವನ್ನೂ ಬರೆದಿಟ್ಟಿದ್ದಾನೆ. ಆಳಂದದ ಮಕ್ಕಳು ತರಗತಿಯಲ್ಲಿದ್ದರೆ ಈ ಕಥೆಯನ್ನು ಅವರಿಂದಲೇ ಓದಿಸಿ. ತಡೆದವನು ಯಾರು, ಬಿಡಿಸಿದವನು ಯಾರು, ಗೋಡೆಯ ಮೇಲಿನ ಪ್ರಶ್ನೆಗಳು ಇಲ್ಲೂ ಹೊಂದುತ್ತವೆ.

ಗಾವಾನನ ಕೊನೆಯನ್ನು ಕೋಟೆಯಲ್ಲಿ ಹೇಳಿದೆವು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಒಂದು ಸುಳ್ಳು ಪತ್ರ, ಅದರ ಮೇಲೆ ಅವನದೇ ಮುದ್ರೆ. 1481ರಲ್ಲಿ ಸುಲ್ತಾನ ತಲೆ ತೆಗೆಸಿದ. ಹಿಂದಿನ ಶನಿವಾರ ಮುದ್ರೆಯಿರುವ ಛಾಪಾ ಕಾಗದ ನೋಡಿದ್ದ ಮಕ್ಕಳು ‘ಮುದ್ರೆ ಇದ್ದರೆ ಖರೆ ಅಂತ ಹೆಂಗ ಅನ್ನೋದು, ಸರ್’ ಎಂದು ಕೇಳಿದರು.

ಖರ್ಚು, ಅಂಕ ಮತ್ತು ಉಳಿದದ್ದು

ಬಸ್ಸು ಬಿಟ್ಟರೆ ಖರ್ಚು ಹೆಚ್ಚಿಲ್ಲ: ಪಾರದರ್ಶಕ ಹಾಳೆ, ಮಾರ್ಕರ್, ಎ3 ಬಣ್ಣದ ಪ್ರಿಂಟ್, ಒಂದಿಷ್ಟು ತಾಮ್ರದ ಪೈ, ಒಂದು ಭೂತಕನ್ನಡಿ. ಫ್ಲೆಕ್ಸ್ ಮೇಲೆ ನಕ್ಷೆ ಮಾಡಿಸಬೇಡಿ. ಅದರ ಮೇಲೆ ಇನ್ನೊಂದು ಪದರ ಇಡಲಾಗುವುದಿಲ್ಲ.

ಅಂಕಕ್ಕೆ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ‘ನಾಕಾ ದಾಖಲೆ’ ಬರೆಸಿದೆವು. ಒಂದು ದಾರಿ, ಒಂದು ವರ್ಷ ಆರಿಸಿಕೊಂಡು, ದಾಟುವ ಒಬ್ಬರ ಕೈಯಲ್ಲಿ ಏನಿತ್ತು, ಏನು ಕೊಟ್ಟರು ಎಂದು ಒಂದು ಪುಟ. ಪ್ರತಿ ಹೇಳಿಕೆಗೂ ಎದುರಿನಲ್ಲಿ ಆಧಾರ. ಆಧಾರ ಇಲ್ಲದ ವಾಕ್ಯಕ್ಕೆ ಅಂಕ ಇಲ್ಲ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಸಿನಿಮಾ ಕಥೆಗಳು ಬರುತ್ತವೆ.

ಒಂದು ಗುಂಪಿನ ಮಕ್ಕಳಿಗೆ ಬೇರೆ ವ್ಯವಸ್ಥೆ ಬೇಕು. ಸುಗ್ಗಿ ಮುಗಿದೊಡನೆ ತಾಂಡಾಗಳಿಂದ ಪುಣೆ, ಮುಂಬೈ, ಹೈದರಾಬಾದ್‌ಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ನಡುವೆಯೇ ಶಾಲೆ ಬಿಡುತ್ತಾರೆ. ಅವರ ಚಟುವಟಿಕೆಯನ್ನು ಮೊದಲು ಮುಗಿಸಿಕೊಳ್ಳಿ. ಬಯಸಿದರೆ ಮಾತ್ರ ತಮ್ಮದೇ ದಾರಿ ಬರೆಯಲಿ: ರೇಷನ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ಶಾಲೆಯಲ್ಲಿ ಯಾವ ಭಾಷೆ, ಯಾವ ಕಾಗದ ಕೇಳಿದರು. ಎಲ್ಲರೆದುರು ಓದಿಸಬೇಡಿ.

ಯಾದಗಿರಿ ಕಡೆಯವರಿಗೆ ಬೀದರ್ ದೂರವಾಗುತ್ತದೆ. ಉದಗೀರ್ ಬದಲು ಗುರುಮಠಕಲ್–ನಾರಾಯಣಪೇಟೆ ರಸ್ತೆ ಹಿಡಿಯಿರಿ. 1956ಕ್ಕೆ ಮುಂಚೆ ಎರಡೂ ಹೈದರಾಬಾದ್ ರಾಜ್ಯದಲ್ಲಿದ್ದವು, ಈಗ ನಡುವೆ ತೆಲಂಗಾಣದ ಗಡಿ. ಹಳೆಯ ಕಾಲಕ್ಕೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರವಿದೆ. ಅದರ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಉಬ್ಬುಶಿಲ್ಪ ಸಿಕ್ಕಿದೆ, ಮಗಧದ ಆಜ್ಞೆ ಭೀಮಾ ದಡಕ್ಕೆ ಹೇಗೆ ಬಂತು ಎಂದು ಅಲ್ಲಿಂದ ಶುರುಮಾಡಬಹುದು. ಬೇಸಿಗೆಯಲ್ಲಿ ಅಲ್ಲಿ ನೆರಳಿಲ್ಲ, ನವೆಂಬರ್ ದಾಟಿದ ಮೇಲೆ ಹೋಗಿ, ಕುಡಿಯುವ ನೀರು ಬಸ್ಸಿನಲ್ಲೇ ಒಯ್ಯಿರಿ.